ದರ್ಭೆಯ ಮೇಲೆ ಮಲಗಿದ ಅರಸ

ಶಾಮನೂರಿನ ನಮ್ಮ ಮನೆಯಿಂದ ಅಣಜಿಗೆ ಹೆಚ್ಚು ದೂರವಿಲ್ಲ. ಭದ್ರಾ ನಾಲೆಯ ನೀರು ಕಂಡ ಗದ್ದೆಗಳನ್ನು ಹಿಂದೆ ಬಿಟ್ಟು, ದಾವಣಗೆರೆ ದಾಟಿ ಒಂದಷ್ಟು ದೂರ ಹೋದರೆ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳು ಶುರುವಾಗುತ್ತವೆ. ಆ ಸೀಮೆಯಲ್ಲಿ, ಸುಮಾರು 1500 ವರ್ಷಗಳ ಹಿಂದೆ, ಯಾರೋ ಒಂದು ಸೋಲನ್ನು ಕಲ್ಲಿನ ಮೇಲೆ ಬರೆಸಿದರು.

ಸಂಸ್ಕೃತದಲ್ಲಿರುವ ಅಣಜಿಯ ಶಾಸನ ಹೇಳುವುದು ಇಷ್ಟೇ. ನಣಕ್ಕಾಸ ಪಲ್ಲವರಾಜನಿಗೂ ಕೃಷ್ಣವರ್ಮರಾಜನಿಗೂ ಘೋರ ಕಾಳಗ ನಡೆಯಿತು. ಕೃಷ್ಣವರ್ಮನ ಸೈನ್ಯ ಮುರಿದು ಚೆದುರಿತು. ಕೇಕಯ ಕುಲದ ಶಿವನಂದವರ್ಮನ ನಾಡು ಹಾಳಾಯಿತು. ಅವನು ಮನಸ್ಸನ್ನು ಶಾಂತಮಾಡಿಕೊಂಡು, ಸಂಕಲ್ಪ ತೊಟ್ಟು, ದರ್ಭೆಯ ಹಾಸಿಗೆಯ ಮೇಲೆ ಮಲಗಿದ. ಪ್ರಾಣ ಬಿಡಲೆಂದೇ ಮಲಗಿದ.

ಈ ಕಲ್ಲಿನ ಬಗ್ಗೆ ಮೊದಲ ಸಲ ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಶಾಸನವೆಂದರೆ ಗೆದ್ದವರ ಮಾತು ಎಂದೇ ನಾವೆಲ್ಲ ತಿಳಿದಿರುತ್ತೇವೆ. ಅರಸ ಸಮುದ್ರದವರೆಗೆ ಗೆದ್ದ, ಶತ್ರುಗಳ ಹೆಂಡಿರನ್ನು ವಿಧವೆಯರಾಗಿಸಿದ, ದಾನ ಕೊಟ್ಟ, ಕೆರೆ ಕಟ್ಟಿಸಿದ ಎಂದೇ ಅವು ಸಾಗುತ್ತವೆ. ಅಣಜಿಯ ಕಲ್ಲಿನಲ್ಲಿ ಆ ಯಾವ ಸಡಗರವೂ ಇಲ್ಲ. ನಾಡು ಹೋಯಿತು, ಇನ್ನು ನಾನೂ ಹೋಗುತ್ತೇನೆ ಎಂಬ ಒಬ್ಬ ಮನುಷ್ಯನ ನಿರ್ಧಾರ ಮಾತ್ರ ಇದೆ.

ಸೋತ ಕೃಷ್ಣವರ್ಮನನ್ನು ಕದಂಬರ ತ್ರಿಪರ್ವತ ಶಾಖೆಯ ಮೊದಲನೆಯ ಕೃಷ್ಣವರ್ಮ ಎಂದು ಬಹುಪಾಲು ವಿದ್ವಾಂಸರು ಗುರುತಿಸುತ್ತಾರೆ. ಅದೇ ಕೃಷ್ಣವರ್ಮನ ಬಗ್ಗೆ ನಮಗೆ ಇನ್ನೊಂದು ಸಾಕ್ಷಿಯಿದೆ. ಹಾವೇರಿ ಸೀಮೆಯ ದೇವಗಿರಿಯಲ್ಲಿ ಸಿಕ್ಕ ತಾಮ್ರಪಟ ಅವನ ಮಗ, ಯುವರಾಜ ದೇವವರ್ಮನದು. ಮಗ ಅಪ್ಪನನ್ನು ಅಶ್ವಮೇಧ ಮಾಡಿದ ಧರ್ಮಮಹಾರಾಜ ಎಂದು ಕೊಂಡಾಡುತ್ತಾನೆ. ಅಶ್ವಮೇಧವೆಂದರೆ ಎದುರಿಲ್ಲದ ಗೆಲುವಿನ ಘೋಷಣೆ. ಅಣಜಿಯ ಹೆಸರು ಅಲ್ಲಿ ಬರುವುದಿಲ್ಲ, ನಣಕ್ಕಾಸನ ಹೆಸರೂ ಬರುವುದಿಲ್ಲ. ದೇವಗಿರಿಯ ತಾಮ್ರವೊಂದೇ ಉಳಿದಿದ್ದರೆ ಕೃಷ್ಣವರ್ಮ ನಮ್ಮ ಪಾಠಪುಸ್ತಕಗಳಲ್ಲಿ ಸೋಲರಿಯದ ದೊರೆಯಾಗಿ ಕೂತುಬಿಡುತ್ತಿದ್ದ. ಮಗ ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಅಶ್ವಮೇಧ ನಡೆದಿರಬಹುದು, ಸೋಲೂ ಆಗಿರಬಹುದು. ಮಗನಿಗೆ ಬೇಕಾದದ್ದನ್ನು ಮಗ ಬರೆಸಿದ. ಸೋಲು ಯಾರ ಹೊಲಗಳನ್ನು ಸುಟ್ಟಿತೋ ಅವರು ಸೋಲನ್ನು ಬರೆಸಿದರು.

ಒಬ್ಬ ಅರಸನನ್ನು ಅವನ ಮನೆಯವರ ಮಾತಿನಿಂದಷ್ಟೇ ಅಳೆಯಬಾರದು ಎಂಬ ಈ ಪಾಠವನ್ನು ಜಗತ್ತಿನಲ್ಲಿ ಅತ್ಯಂತ ಕಷ್ಟಪಟ್ಟು ಕಲಿತವರು ಬೈಬಲ್ಲಿನ ಅರಸರನ್ನು ಹುಡುಕಿ ಹೊರಟ ಪುರಾತತ್ತ್ವಜ್ಞರು. ದಾವೀದ, ಸೊಲೊಮೋನ, ಅಹಾಬ, ಹಿಜ್ಕೀಯ: ಈ ಹೆಸರುಗಳು ನಮ್ಮ ಸೀಮೆಗೆ ಹೊಸವಲ್ಲ. ಹರಿಹರದಲ್ಲಿ ಹರಿಹರೇಶ್ವರನ ಗುಡಿಯಿರುವಂತೆ ಆರೋಗ್ಯಮಾತೆಯ ಬೆಸಿಲಿಕವೂ ಇದೆ; ಅಲ್ಲಿಗೆ ಬರುವವರಿಗೆ ಆ ಅರಸರ ಕಥೆಗಳು ಕನ್ನಡದಲ್ಲೇ ಗೊತ್ತು. ಇನ್ನೊಂದು ನಂಟೂ ಉಂಟು. ಅಣಜಿ, ಹರಿಹರಗಳ ಕಲ್ಲುಗಳನ್ನು ಓದಿ ಅಚ್ಚುಹಾಕಿಸಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದವರು. ಅಪ್ಪ ಇಸ್ರಾಯೇಲಿನ ಅರಸರ ಕಥೆಯನ್ನು ಕನ್ನಡದಲ್ಲಿ ತಿದ್ದುತ್ತಿದ್ದರು. ಮಗ ಕನ್ನಡನಾಡಿನ ಅರಸರ ಕಲ್ಲುಗಳನ್ನು ಹುಡುಕುತ್ತ ಊರೂರು ಅಲೆದರು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ನಮ್ಮ ಊರುಗಳ ಶಾಸನಗಳನ್ನು ಹುಡುಕಬೇಕಾದರೆ ಇಂದಿಗೂ ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟವನ್ನು, ಅಂದರೆ ಚಿತ್ರದುರ್ಗದ ಸಂಪುಟವನ್ನು ತೆರೆಯಬೇಕು.

ಅಣಜಿಯ ಕಲ್ಲಿಗೆ ಅಣ್ಣನಂಥ ಒಂದು ಕಲ್ಲು ಇಂದಿನ ಜೋರ್ಡಾನಿನ ಧಿಬಾನ್ ಎಂಬಲ್ಲಿ 1868ರಲ್ಲಿ ಕಣ್ಣಿಗೆ ಬಿತ್ತು. ಕಪ್ಪು ಬಸಾಲ್ಟ್ ಶಿಲೆ, 34 ಸಾಲು. ಬರೆಸಿದವನು ಮೋವಾಬಿನ ಅರಸ ಮೇಷ, ಕಾಲ ಕ್ರಿ.ಪೂ. 840ರ ಆಸುಪಾಸು. ಇಸ್ರಾಯೇಲಿನ ಅರಸ ಒಮ್ರಿ ಮೋವಾಬನ್ನು ಬಹುಕಾಲ ಪೀಡಿಸಿದ, ಏಕೆಂದರೆ ನಮ್ಮ ದೇವರು ಕೆಮೋಷ ತನ್ನ ನಾಡಿನ ಮೇಲೆ ಮುನಿದಿದ್ದ. ಆಮೇಲೆ ಆ ದೇವರು ಒಲಿದ, ನಾನು ಊರುಗಳನ್ನು ಮರಳಿ ಪಡೆದೆ ಎನ್ನುತ್ತಾನೆ ಮೇಷ. ಬೈಬಲ್ಲಿನ ಎರಡನೆಯ ಅರಸುಗಳ ಗ್ರಂಥದಲ್ಲೂ ಈ ಮೇಷ ಬರುತ್ತಾನೆ. ಕುರಿಗಳನ್ನು ಕಪ್ಪವಾಗಿ ಕೊಡುತ್ತಿದ್ದವನು, ಒಮ್ರಿಯ ಮಗ ಅಹಾಬ ಸತ್ತ ಮೇಲೆ ತಿರುಗಿಬಿದ್ದವನು. ಇಸ್ರಾಯೇಲಿನ ದಂಡು ಅವನ ಊರುಗಳನ್ನು ಕೆಡವುತ್ತ ಹೋಯಿತು, ಅವನು ಕೋಟೆಯ ಗೋಡೆಯ ಮೇಲೆ ತನ್ನ ಹಿರಿಮಗನನ್ನು ಬಲಿಕೊಟ್ಟ, ದಂಡು ಹಿಂದಿರುಗಿತು ಎಂದು ಆ ಗ್ರಂಥ ಹೇಳುತ್ತದೆ. ಎರಡೂ ಕಡೆಯವರು ಒಪ್ಪುವ ಸಂಗತಿ ಯಾವುದು? ಮೋವಾಬು ಇಸ್ರಾಯೇಲಿಗೆ ಅಡಿಯಾಳಾಗಿತ್ತು, ಮೇಷ ತಿರುಗಿಬಿದ್ದ, ಕೊನೆಗೆ ಇಸ್ರಾಯೇಲಿಗೆ ಅವನನ್ನು ಬಗ್ಗಿಸಲಾಗಲಿಲ್ಲ. ಹಗೆಗಳಿಬ್ಬರೂ ಒಪ್ಪಿಕೊಂಡ ಮಾತಿನ ತೂಕವೇ ಬೇರೆ.

ಆ ಕಲ್ಲು ಸಿಕ್ಕ ಕಥೆಯೂ ನೋವಿನದು. ಅದನ್ನು ಕೊಳ್ಳಲು ಹಲವರ ಪೈಪೋಟಿ ಎದ್ದಾಗ ಅಲ್ಲಿನ ಬೆದೂಯಿನ್ ಜನ ಅದನ್ನು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು ಒಡೆದರು. ಅಷ್ಟರಲ್ಲಿ ಕ್ಲೆರ್ಮೋ-ಗನ್ನೋ ಎಂಬ ಫ್ರೆಂಚ್ ವಿದ್ವಾಂಸ ಒದ್ದೆ ಕಾಗದ ಒತ್ತಿಸಿ ಅದರ ಪಡಿಯಚ್ಚು ತೆಗೆಸಿದ್ದ. ಚೂರುಗಳನ್ನು ಆ ಕಾಗದದ ಆಸರೆಯಿಂದಲೇ ಜೋಡಿಸಿದರು. ನಮ್ಮ ಶಾಸನತಜ್ಞರು ಇಂದಿಗೂ ಮಾಡುವುದು ಇದನ್ನೇ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿಯುಂಡೆ ತಟ್ಟುತ್ತಾರೆ. ಕಲ್ಲು ಕಾಲುವೆಗೆ ಚಪ್ಪಡಿಯಾಗಿ ಹೋದರೂ ಅಕ್ಷರ ಉಳಿಯುತ್ತದೆ.

ದಾವೀದನ ವಿಷಯಕ್ಕೆ ಬಂದರೆ, 1993ರ ತನಕ ಬೈಬಲ್ಲಿನ ಹೊರಗೆ ಅವನ ಹೆಸರನ್ನು ಸಂಶಯವಿಲ್ಲದೆ ತೋರುವ ಒಂದೂ ಕಲ್ಲು ಇರಲಿಲ್ಲ. ಅವನು ಕವಿಕಲ್ಪನೆ ಎಂದು ವಾದಿಸುವವರೂ ಇದ್ದರು. ಆ ವರ್ಷ ಅವ್ರಹಾಮ್ ಬಿರಾನ್ ಉತ್ತರದ ತೆಲ್ ದಾನ್‌ನಲ್ಲಿ ಉತ್ಖನನ ನಡೆಸುತ್ತಿದ್ದಾಗ, ತಂಡದ ಸರ್ವೇಯರ್ ಗಿಲಾ ಕುಕ್ ಅವರ ಕಣ್ಣಿಗೆ ಹಳೆಯ ಗೋಡೆಯೊಂದರಲ್ಲಿ ಸೇರಿಹೋಗಿದ್ದ ಕಲ್ಲಿನ ಮೇಲೆ ಓರೆಬಿಸಿಲಿನಲ್ಲಿ ಅಕ್ಷರ ಕಂಡಿತು. ಶಾಸನ ಹುಡುಕುವ ನಮ್ಮವರಿಗೂ ಇದು ಗೊತ್ತು: ನಡುಹಗಲಿನಲ್ಲಿ ಬೋಳಾಗಿ ಕಾಣುವ ಕಲ್ಲು ಇಳಿಹೊತ್ತಿನಲ್ಲಿ ಬಾಯಿ ಬಿಡುತ್ತದೆ. ಅರಮಾಯಿಕ್ ಭಾಷೆಯ ಆ ಶಾಸನ ಇಸ್ರಾಯೇಲಿನ ಶತ್ರುವಿನದು; ಬಹುಶಃ ದಮಸ್ಕದ ಅರಸ ಹಜಾಯೇಲನದು. ಇಸ್ರಾಯೇಲಿನ ಅರಸನನ್ನೂ ‘ದಾವೀದನ ಮನೆ’ಯ ಅರಸನನ್ನೂ ಕೊಂದೆನೆಂದು ಅವನು ಹೇಳಿಕೊಳ್ಳುತ್ತಾನೆ. ಅದೇ ಇಬ್ಬರು ಅರಸರನ್ನು ಕೊಂದವನು ಯೇಹು ಎಂಬ ದಂಡನಾಯಕ ಎನ್ನುತ್ತದೆ ಬೈಬಲ್ಲು. ಕೊಂದವರು ಯಾರೆಂಬುದರಲ್ಲಿ ಒಮ್ಮತವಿಲ್ಲ. ಆದರೆ ದಾವೀದ ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚಾದ ಮೇಲೆ ಅವನ ಹೆಸರಿನ ಮನೆತನವೊಂದು ಯೆರೂಸಲೇಮಿನಲ್ಲಿ ಆಳುತ್ತಿತ್ತು ಎಂಬುದನ್ನು ಹೊಗಳುವ ಹಂಗಿಲ್ಲದ ಹಗೆಯೇ ಬರೆದುಕೊಟ್ಟ.

ದಾವೀದನ ಕಥೆ ಓದಿದಾಗಲೆಲ್ಲ ನನಗೆ ನಮ್ಮ ಕದಂಬರ ಮಯೂರ ನೆನಪಾಗುತ್ತಾನೆ. ಸೌಲ ಅರಸನ ಸಿಟ್ಟಿಗೆ ಗುರಿಯಾಗಿ ಅರಮನೆ ಬಿಟ್ಟೋಡಿದ ದಾವೀದ ಅದುಲ್ಲಾಮಿನ ಗವಿಯಲ್ಲಿ ಅಡಗಿ, ಸಾಲಗಾರರನ್ನೂ ನೊಂದವರನ್ನೂ ಗುಂಪುಕಟ್ಟಿ, ಕೊನೆಗೆ ಅರಸನಾದ. ಓದಲೆಂದು ಗುರು ವೀರಶರ್ಮನ ಜೊತೆ ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡುಗಳಲ್ಲಿ ಬೀಡುಬಿಟ್ಟು, ಬಾಣರಿಂದ ಕಪ್ಪ ವಸೂಲಿ ಮಾಡಿ, ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪುವಂತೆ ಮಾಡಿದ. ಇದನ್ನು ನಾವು ತಿಳಿದದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಿಂದ. ಅದನ್ನು ರಚಿಸಿದ ಕವಿ ಕುಬ್ಜ, ಕಾಲ 5ನೆಯ ಶತಮಾನದ ನಡುಭಾಗ. ಮಯೂರ ಸತ್ತು ಹತ್ತಿರಹತ್ತಿರ ನೂರು ವರ್ಷ ಕಳೆದಿತ್ತು. 1975ರ ‘ಮಯೂರ’ ಚಿತ್ರದಲ್ಲಿ ರಾಜ್‌ಕುಮಾರ್ ಕತ್ತಿ ಹಿಡಿದು ಬರುವ ಹೊತ್ತಿಗೆ ಆ ನೂರು ವರ್ಷದ ಮೇಲೆ ಇನ್ನೂ 1500 ವರ್ಷ ಸೇರಿತ್ತು. ಅದರ ನಡುವೆ ಕಥೆ ಬೆಳೆದ ಬಗೆಯನ್ನೂ ನಾವು ನೋಡಬಹುದು. 11-12ನೆಯ ಶತಮಾನದ ಹಾನಗಲ್ಲು, ಗೋವೆಯ ಕದಂಬರ ಶಾಸನಗಳಲ್ಲಿ ವಂಶದ ಮೂಲಪುರುಷ ಕದಂಬ ಮರದ ಕೆಳಗೆ ಬಿದ್ದ ಶಿವನ ಬೆವರಹನಿಯಿಂದ ಹುಟ್ಟುತ್ತಾನೆ. ಹಣೆಯಲ್ಲಿ ಮೂರನೆಯ ಕಣ್ಣು ಮೂಡುತ್ತದೆ. ಅಶ್ವಮೇಧಗಳ ಲೆಕ್ಕ 18ಕ್ಕೆ ಏರುತ್ತದೆ. ಕಂಚಿಯ ಬೀದಿಯ ಜಗಳ ಎಲ್ಲೋ ಮರೆಯಾಗುತ್ತದೆ.

ಹಾಗಾದರೆ ಮಯೂರನ ಕಾಲದ್ದೇ ಆದ ಕಲ್ಲು ಇಲ್ಲವೇ? ಇದೆ. ದಾವೀದನಿಗಿಲ್ಲದ ಭಾಗ್ಯ ಅವನಿಗಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಪ್ರಾಕೃತದಲ್ಲಿ ಮೂರೇ ಸಾಲು. ಅದು ಹೇಳುವ ಮುಖ್ಯ ಮಾತು ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಎಂಬುದು. ಮೂರನೆಯ ಕಣ್ಣಿಲ್ಲ, ಬೆವರಹನಿಯಿಲ್ಲ. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಅದರ ಉಳಿದ ಅಕ್ಷರಗಳಲ್ಲಿ ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಎಂಬ ಹೆಸರುಗಳನ್ನು ಓದಿದರು. ಆ ಓದು ಸರಿಯಾದರೆ ಮಯೂರ ಉತ್ತರ ಭಾರತದವರೆಗೆ ಕೈಚಾಚಿದವನು. ಮುಂದೆ ಚಿತ್ರದುರ್ಗದ ಬಿ. ರಾಜಶೇಖರಪ್ಪನವರು ಬಂಡೆಯನ್ನು ಮತ್ತೆ ಪರಿಶೀಲಿಸಿ ಆ ಓದನ್ನು ಪ್ರಶ್ನಿಸಿದರು. ಸವೆದ ಬಂಡೆಯ ಕೆಲವೇ ಗೀರುಗಳನ್ನು ಹೀಗೆ ಓದಿದರೆ ಸಾಮ್ರಾಜ್ಯ, ಹಾಗೆ ಓದಿದರೆ ಸುತ್ತಲಿನ ಸೀಮೆ. ನನಗೆ ಅದರಲ್ಲಿ ಅತ್ಯಂತ ಗಟ್ಟಿಯಾಗಿ ಕಾಣುವ ಪದ ಕೆರೆ. ಯೆರೂಸಲೇಮಿನಲ್ಲೂ ಹಾಗೆಯೇ. ಹಿಜ್ಕೀಯ ಅರಸ ಊರಿಗೆ ನೀರು ತಂದ ಎಂದು ಬೈಬಲ್ಲು ಹೇಳುತ್ತದೆ. 533 ಮೀಟರ್ ಉದ್ದದ ಸುರಂಗ ಬಂಡೆಯೊಳಗೆ ಇಂದಿಗೂ ಇದೆ, ಒಳಗೆ ನಡೆದುಹೋಗಬಹುದು. 1880ರಲ್ಲಿ ಅದರ ಗೋಡೆಯ ಮೇಲೆ ಸಿಕ್ಕ ಬರಹ ಎರಡು ತುದಿಯಿಂದ ಕೊರೆಯುತ್ತ ಬಂದ ಕೆಲಸಗಾರರು ಪರಸ್ಪರರ ದನಿ ಕೇಳಿಸಿಕೊಂಡು ಸೇರಿದ ಕ್ಷಣವನ್ನು ವಿವರಿಸುತ್ತದೆ. ಅದರಲ್ಲಿ ಅರಸನ ಹೆಸರೇ ಇಲ್ಲ.

ಚಂದ್ರವಳ್ಳಿಗೂ ಇಸ್ರಾಯೇಲಿನ ರಾಜಧಾನಿ ಸಮಾರ್ಯಕ್ಕೂ ಬೇರೊಂದು ಸಂಬಂಧವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯನ್ನು ಅಗೆದವರು ಮಾರ್ಟಿಮರ್ ವೀಲರ್. 1930ರ ದಶಕದಲ್ಲಿ ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ ಅವರ ಕೈಕೆಳಗೆ ಪಳಗಿದವರು ಕ್ಯಾಥ್ಲೀನ್ ಕೆನ್ಯನ್. ಆಕೆ ಅದೇ ವಿಧಾನವನ್ನು ಸಮಾರ್ಯಕ್ಕೆ, ಆಮೇಲೆ ಯೆರಿಕೋ ಮತ್ತು ಯೆರೂಸಲೇಮಿಗೆ ಒಯ್ದರು. ವಿಧಾನ ಸರಳ. ನೆಲವನ್ನು ಚೌಕಚೌಕವಾಗಿ ಅಗೆಯುತ್ತಾರೆ. ಎರಡು ಚೌಕಗಳ ನಡುವೆ ಮಣ್ಣಿನ ಗೋಡೆಯನ್ನು ಅಗೆಯದೆ ಬಿಡುತ್ತಾರೆ. ಆ ಗೋಡೆಯ ಮುಖದಲ್ಲಿ ಕಾಲಗಳು ಪದರಪದರವಾಗಿ ಕಾಣುತ್ತವೆ: ಬೂದಿಯ ಕಪ್ಪು, ಕುಸಿದ ಮಣ್ಣುಗೋಡೆಯ ಕೆಂಪು, ಹೊಳೆ ಉಕ್ಕಿ ಬಿಟ್ಟುಹೋದ ಮರಳು. ಕೆಳಗಿನದು ಹಳೆಯದು, ಮೇಲಿನದು ಹೊಸತು. ಆದರೆ ಇದಕ್ಕೊಂದು ತೊಡಕಿದೆ, ನಮ್ಮ ರೈತರಿಗೆ ಅದನ್ನು ವಿವರಿಸಬೇಕಾಗಿಲ್ಲ. ಜೋಳ ಕೂಡಿಡಲು ಹಗೇವು ತೋಡಿದರೆ ಇಂದಿನ ಕಾಳು ಅಜ್ಜನ ಕಾಲದ ನೆಲಕ್ಕಿಂತ ಕೆಳಗೆ ಹೋಗಿ ಕೂರುತ್ತದೆ. ಆಳವನ್ನಷ್ಟೇ ಅಳೆದು ಕಾಲ ಹೇಳಿದವನು ಮೋಸಹೋಗುತ್ತಾನೆ. ಬಿಟ್ಟ ಗೋಡೆಯ ಮುಖದಲ್ಲಿ ಹಗೇವಿನ ಬಾಯಿ ಯಾವ ಪದರದಿಂದ ಶುರುವಾಯಿತು ಎಂದು ಕಂಡುಬಿಡುತ್ತದೆ. ಹಳೆಯ ಅಗೆತಗಳಲ್ಲಿ ಅರಮನೆ, ಗೋಡೆ ಎಂದು ಹುಡುಕುತ್ತ ಇಂಥ ಹೊಂಡಗಳನ್ನೆಲ್ಲ ಒಂದೇ ಎಂದುಕೊಂಡು ಅಗೆದುಹಾಕಿದ್ದರಿಂದ ಎಷ್ಟೋ ಪಾತ್ರೆಗಳು ತಪ್ಪು ಅರಸರ ಪಾಲಾದವು.

ಪದರಗಳು ಮುಂಚು-ನಂತರವನ್ನು ಹೇಳುತ್ತವೆ, ವರ್ಷವನ್ನು ಹೇಳುವುದಿಲ್ಲ. ವರ್ಷಕ್ಕೆ ಹೊರಗಿನ ಗೂಟ ಬೇಕು. ಚಂದ್ರವಳ್ಳಿಯಲ್ಲಿ ಆ ಗೂಟವಾಗಿ ಒದಗಿದ್ದು ಶಾತವಾಹನರ ನಾಣ್ಯಗಳು, ಅವುಗಳ ಜೊತೆಗೆ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿನಾಣ್ಯ. ಯೇಸುವಿನ ಕಾಲದಲ್ಲಿ ರೋಮನ್ನು ಆಳಿದವನ ಮುಖ ಚಿತ್ರದುರ್ಗದ ಬೆಟ್ಟಗಳ ಬುಡಕ್ಕೆ ಬಂದು ಬಿದ್ದಿತ್ತು. ಕದಂಬರ ಕಾಲಕ್ಕೆ ಬಂದರೆ ಇಂಥ ಗಟ್ಟಿ ಗೂಟ ಸಿಗುವುದು ಕಷ್ಟ. ಅವರು ಶಕವರ್ಷ ಹಾಕುತ್ತಿರಲಿಲ್ಲ. ಇಂತಿಂಥ ಅರಸನ ಆಳ್ವಿಕೆಯ ನಾಲ್ಕನೆಯ ವರ್ಷ, ಎಂಟನೆಯ ವರ್ಷ ಎಂದು ಬರೆಯುತ್ತಿದ್ದರು. ಕಾಕುಸ್ಥವರ್ಮನ ಹಲಸಿ ತಾಮ್ರಪಟದಲ್ಲಿ ‘80ನೆಯ ವರ್ಷ’ ಎಂದಿದೆ. ಯಾವುದರಿಂದ ಎಣಿಸಿದ 80? ಮಯೂರ ಪಟ್ಟವೇರಿದಂದಿನಿಂದಲೋ, ಉತ್ತರದ ಗುಪ್ತರ ಶಕೆಯಿಂದಲೋ? ಉತ್ತರ ಬದಲಾದರೆ ಇಡೀ ವಂಶ ಕೆಲವು ದಶಕ ಆಚೀಚೆ ಸರಿಯುತ್ತದೆ, ಅದರ ಜೊತೆ ಅಣಜಿಯ ಕಾಳಗವೂ ಸರಿಯುತ್ತದೆ. ಕನ್ನಡನಾಡಿನ ಶಾಸನಗಳಲ್ಲಿ ಶಕವರ್ಷ ಮೊದಲು ಸ್ಪಷ್ಟವಾಗಿ ಕಾಣಿಸುವುದು ಬಾದಾಮಿಯ ಬಂಡೆಯ ಮೇಲೆ, ಒಂದನೆಯ ಪುಲಕೇಶಿಯ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ. ಅದಕ್ಕೂ ಹಿಂದಿನ ಅರಸರಿಗೆ ಅಕ್ಷರದ ತಲೆಕಟ್ಟಿನ ಆಕಾರ, ಭಾಷೆ, ವಂಶಾವಳಿ ಇವೇ ಆಧಾರ.

ಬೈಬಲ್ಲಿನ ಅರಸರದೂ ಇದೇ ಪಾಡು. ಯೆರೂಸಲೇಮಿನಿಂದ ಆಳಿದ ಯೆಹೂದದ ಇಂಥವನು ಇಸ್ರಾಯೇಲಿನ ಇಂಥವನ ಹದಿನೆಂಟನೆಯ ವರ್ಷದಲ್ಲಿ ಪಟ್ಟಕ್ಕೆ ಬಂದ ಎಂಬಂಥ ಲೆಕ್ಕ ಅಲ್ಲಿದೆ. ಅವರ ಅದೃಷ್ಟಕ್ಕೆ ನೆರೆಯ ಅಸ್ಸೀರಿಯದವರು ವರ್ಷಕ್ಕೊಬ್ಬ ಅಧಿಕಾರಿಯ ಹೆಸರಿಟ್ಟು ಪಟ್ಟಿ ಬರೆಯುತ್ತಿದ್ದರು, ಒಂದು ವರ್ಷದ ಎದುರು ಸೂರ್ಯಗ್ರಹಣವನ್ನೂ ನಮೂದಿಸಿದ್ದರು. ಆಕಾಶದ ಗಣಿತ ಹಿಂದಕ್ಕೂ ಓಡುತ್ತದೆ. ಆ ಗ್ರಹಣ ಕ್ರಿ.ಪೂ. 763ರ ಜೂನ್ 15ರದು. ಆ ಒಂದು ಹಗಲಿನ ಕತ್ತಲೆ ಗೂಟವಾಯಿತು. ಪಟ್ಟಿಯ ಉಳಿದ ವರ್ಷಗಳೆಲ್ಲ ತಂತಮ್ಮ ಜಾಗಕ್ಕೆ ಬಂದವು. ಮೂರನೆಯ ಶಲ್ಮನೆಸೆರ್ ಕರ್ಕರ್ ಎಂಬಲ್ಲಿ ಹನ್ನೊಂದೋ ಹನ್ನೆರಡೋ ಅರಸರ ಕೂಟವನ್ನು ಎದುರಿಸಿದ್ದು ಕ್ರಿ.ಪೂ. 853 ಎಂದು ನಿಶ್ಚಯವಾಯಿತು. ಆ ಕೂಟದಲ್ಲಿ ಇಸ್ರಾಯೇಲಿನ ಅಹಾಬ 2,000 ರಥ, 10,000 ಕಾಲಾಳುಗಳೊಂದಿಗೆ ನಿಂತಿದ್ದನೆಂದು ಅಸ್ಸೀರಿಯದ ಕಲ್ಲು ಹೇಳುತ್ತದೆ. ರಥಗಳ ಲೆಕ್ಕ ಉಬ್ಬಿಸಿದ್ದಿರಬಹುದು. ಅಚ್ಚರಿಯ ಮಾತು ಬೇರೆ: ಅಹಾಬನ ಬಗ್ಗೆ ಅಧ್ಯಾಯಗಟ್ಟಲೆ ಬರೆದ ಬೈಬಲ್ಲು ಈ ದೊಡ್ಡ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ. ಅವನಪ್ಪ ಒಮ್ರಿಗೆ ಅಲ್ಲಿ ಸಿಕ್ಕಿದ್ದು ಕೆಲವೇ ವಚನ. ಅಸ್ಸೀರಿಯದವರು ಮಾತ್ರ ಅವನ ವಂಶ ಅಳಿದ ಮೇಲೂ ಆ ನಾಡನ್ನು ‘ಒಮ್ರಿಯ ಮನೆ’ ಎಂದೇ ಕರೆದರು. ಅರಸುಗಳ ಗ್ರಂಥ ಬರೆದವರು ಅಳೆದದ್ದು ರಥಗಳನ್ನಲ್ಲ, ಅರಸ ಯಾವ ದೇವರಿಗೆ ಕೈಮುಗಿದ ಎಂಬುದನ್ನು. ಆ ಅಳತೆಗೋಲು ಗೊತ್ತಾದ ಮೇಲೆ ಗ್ರಂಥದ ಮೌನಗಳೂ ಅರ್ಥವಾಗತೊಡಗುತ್ತವೆ.

ಸೊಲೊಮೋನನ ವಿಷಯದಲ್ಲಿ ಗೂಟವಿಲ್ಲ, ಹಾಗಾಗಿ ಜಗಳವೂ ಮುಗಿದಿಲ್ಲ. ಅವನು ಹಾಚೋರ್, ಮೆಗಿದ್ದೋ, ಗೆಜೆರ್ ಊರುಗಳನ್ನು ಕಟ್ಟಿಸಿದ ಎಂದು ಬೈಬಲ್ಲಿದೆ. ಆ ಮೂರೂ ಕಡೆ ಆರು ಕೋಣೆಗಳ ಒಂದೇ ಮಾದರಿಯ ಊರಬಾಗಿಲು ಕಂಡ ಯಿಗಾಯೆಲ್ ಯಾದಿನ್, ಇವು ಸೊಲೊಮೋನನವೇ ಎಂದರು. 1990ರ ದಶಕದಲ್ಲಿ ಇಸ್ರಾಯೆಲ್ ಫಿಂಕೆಲ್‌ಸ್ಟೈನ್ ಆ ಪದರಗಳನ್ನು ಮುಂದಿನ ಶತಮಾನಕ್ಕೆ, ಒಮ್ರಿ-ಅಹಾಬರ ಕಾಲಕ್ಕೆ ಇಳಿಸಿದರು. ಅಮಿಹಾಯ್ ಮಜಾರ್ ಅಷ್ಟನ್ನು ಒಪ್ಪಲಿಲ್ಲ. ರೇಡಿಯೋಕಾರ್ಬನ್ ತೀರ್ಪು ಕೊಡಬಾರದೇ ಎಂದು ಓದುಗರು ಕೇಳಬಹುದು. ಜೀವವಿದ್ದ ವಸ್ತುವಿನಲ್ಲಿ ಮಾತ್ರ ಅದು ನಡೆಯುತ್ತದೆ. ಸತ್ತ ಮೇಲೆ ಅದರೊಳಗಿನ ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಕಲ್ಲಿಗೆ ಅದರಿಂದ ವಯಸ್ಸು ಹೇಳಲಾಗದು. ತೊಲೆಯನ್ನೂ ನಂಬುವಂತಿಲ್ಲ. ನಮ್ಮ ಊರುಗಳಲ್ಲಿ ಮನೆ ಕೆಡವಿದರೆ ತೊಲೆ-ಕಂಬಗಳು ಹೊಸ ಮನೆಗೆ ಹೋಗುತ್ತವೆ, ಅಲ್ಲಿಯೂ ಹಾಗೆಯೇ ಹೋಗುತ್ತಿದ್ದವು. ಬೆಂಕಿಯಲ್ಲಿ ಸುಟ್ಟ ಕಾಳು, ಆಲಿವ್ ಬೀಜ ಒಂದೇ ವರ್ಷದ ಬೆಳೆಯಾದ್ದರಿಂದ ಅವೇ ಒಳ್ಳೆಯ ಸಾಕ್ಷಿ. ಆದರೂ ಪ್ರಶ್ನೆಯಿರುವುದು ನೂರು ವರ್ಷಕ್ಕೂ ಕಡಿಮೆ ಅಂತರದ್ದು, ಅಳತೆಯ ಅಂಚೂ ಹೆಚ್ಚುಕಡಿಮೆ ಅಷ್ಟೇ ಅಗಲ. ದಾವೀದ 40 ವರ್ಷ, ಸೊಲೊಮೋನ 40 ವರ್ಷ ಆಳಿದರೆಂಬ ಬೈಬಲ್ಲಿನ ಲೆಕ್ಕವೂ ಇಲ್ಲಿ ನೆರವಾಗದು. ಅಲ್ಲಿ ಜಲಪ್ರಳಯದ ಮಳೆ 40 ದಿನ, ಮರುಭೂಮಿಯ ಅಲೆದಾಟ 40 ವರ್ಷ. 40 ಎಂದರೆ ಬಹಳ ಕಾಲ, ಒಂದು ತಲೆಮಾರು.

ನಮಗೂ ಅಂಥ ಒಂದು ಸಂಖ್ಯೆಯಿದೆ. ದಾವಣಗೆರೆಯಿಂದ ಕಾಣುವಷ್ಟು ಹತ್ತಿರದ ಉಚ್ಚಂಗಿದುರ್ಗವನ್ನು ಹೊಯ್ಸಳ ಎರಡನೆಯ ಬಲ್ಲಾಳ ಪಾಂಡ್ಯರಿಂದ ಕಿತ್ತುಕೊಂಡ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆಯನ್ನು ನಮ್ಮ ದೊರೆ ಲೀಲೆಯಿಂದ ಗೆದ್ದ ಎಂದು ಅವನ ಪ್ರಶಸ್ತಿಗಳು ಹಾಡುತ್ತವೆ. ಪಾಂಡವರ ವನವಾಸ ಕೇಳಿ ಬೆಳೆದ ಕಿವಿಗೆ ಆ ‘ಹನ್ನೆರಡು ವರ್ಷ’ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಕೋಟೆ ಕೈಬದಲಾದದ್ದು ನಿಜ. ಹನ್ನೆರಡನ್ನು ಪಂಚಾಂಗದಲ್ಲಿ ಹುಡುಕಬಾರದು.

ಮುತ್ತಿಗೆಯ ಮಾತು ಬಂದಾಗ ಕ್ರಿ.ಪೂ. 701ನ್ನು ಬಿಡುವಂತಿಲ್ಲ. ಅಸ್ಸೀರಿಯದ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. 46 ಕೋಟೆಯೂರುಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಅವನ ಮಣ್ಣಿನ ಪಟ್ಟಕ ಹೇಳುತ್ತದೆ. ದೇವದೂತ ಒಂದೇ ರಾತ್ರಿಯಲ್ಲಿ 1,85,000 ಅಸ್ಸೀರಿಯರನ್ನು ಕೊಂದ, ಸನ್ಹೇರೀಬ ಹಿಂದಿರುಗಿದ ಎನ್ನುತ್ತದೆ ಬೈಬಲ್ಲು. ಇವೆರಡೂ ಕೂಡುವ ಜಾಗಗಳನ್ನು ನೋಡಿ. ಹಿಜ್ಕೀಯ ಕೊಟ್ಟ ಚಿನ್ನ ಎರಡರಲ್ಲೂ 30 ತಲಾಂತು; ಬೆಳ್ಳಿ ಮಾತ್ರ ಒಂದರಲ್ಲಿ 300, ಇನ್ನೊಂದರಲ್ಲಿ 800. ಲಾಕೀಷ್ ಬಿದ್ದದ್ದನ್ನು ಸನ್ಹೇರೀಬ ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿಕೊಂಡ, ಲಾಕೀಷಿನಲ್ಲಿ ಅವನ ದಂಡು ಕಲ್ಲು ಸುರಿದು ಕಟ್ಟಿದ ಮುತ್ತಿಗೆಯ ಇಳಿಜಾರು ಅಗೆದಾಗ ಸಿಕ್ಕಿತು. ಯೆರೂಸಲೇಮನ್ನು ಗೆದ್ದೆನೆಂದು ಮಾತ್ರ ಅವನು ಎಲ್ಲಿಯೂ ಬರೆಸಲಿಲ್ಲ. ಇಷ್ಟೆಲ್ಲ ಕೊಚ್ಚಿಕೊಂಡವನು ಬರೆಸದೆ ಬಿಟ್ಟ ಆ ಒಂದು ಮಾತು ಬೈಬಲ್ಲಿನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಾನು ಹರಿಹರಕ್ಕೆ ಹೋಗುತ್ತಿರುತ್ತೇನೆ. ಹೊಳೆದಂಡೆಯ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. ಅಂಗಳದಲ್ಲಿ ಸಾಲಾಗಿ ನಿಂತ ಆಳೆತ್ತರದ ಶಾಸನಗಳಿವೆ, ವರ್ಷವಿದೆ, ಹೆಸರುಗಳಿವೆ. ಅದಕ್ಕೂ ಹಿಂದೆ ಇಲ್ಲಿ ಯಾರು ಆಳಿದರು ಎಂದರೆ ಸ್ಥಳಪುರಾಣ ಗುಹಾಸುರನ ಹೆಸರು ಹೇಳುತ್ತದೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದವನನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು. ಚಿಕ್ಕಂದಿನಲ್ಲಿ ನಮ್ಮಜ್ಜಿ ಹೇಳುತ್ತಿದ್ದಾಗ ನನ್ನ ಗಮನವೆಲ್ಲ ಆ ಒಂದೇ ಮೈಯ ಮೇಲಿರುತ್ತಿತ್ತು. ಈಗ ಬೇರೊಂದರ ಮೇಲೆ ಹೋಗುತ್ತದೆ. ಪುರಾಣ ಆ ಅಸುರನ ರಾಜ್ಯಕ್ಕೆ ಗಡಿ ಹೇಳುತ್ತದೆ: ಪೂರ್ವಕ್ಕೆ ಉಚ್ಚಂಗಿ, ಉತ್ತರಕ್ಕೆ ಹೊಳೆಯಾಚೆಯ ಐರಣಿ. ಎರಡೂ ನೆಲದ ಮೇಲಿರುವ ಊರುಗಳು, ಎರಡಕ್ಕೂ ಕೋಟೆಯ ಇತಿಹಾಸವಿದೆ. ದಾವೀದನ ನಾಡನ್ನು ದಾನ್‌ನಿಂದ ಬೆರ್ಷೆಬದವರೆಗೆ ಎಂದು ಬೈಬಲ್ಲು ಹೇಳುವ ರೀತಿಯೂ ಇದೇ. ಗುಹಾಸುರ ಎಂಬ ಅರಸ ಇದ್ದನೆಂದು ನಾನು ನಂಬುವುದಿಲ್ಲ. ಆದರೆ ಕಥೆ ಕಟ್ಟಿದವರಿಗೆ ಈ ಸೀಮೆಯ ಬಲ ಎಲ್ಲೆಲ್ಲಿ ಕೂತಿತ್ತು, ಹಗೆ ಯಾವ ದಿಕ್ಕಿನಲ್ಲಿತ್ತು ಎಂದು ಗೊತ್ತಿತ್ತು. ಉಚ್ಚಂಗಿಯ ಪಾಂಡ್ಯರನ್ನು ಎದುರಿಸಿದ ಹೊಯ್ಸಳರ ದಂಡನಾಯಕನೇ ಈ ಗುಡಿಯನ್ನು ಕಟ್ಟಿಸಿದ್ದು ನೆನಪಾದಾಗ, ಅಸುರನ ರಾಜ್ಯಕ್ಕೆ ಉಚ್ಚಂಗಿಯೇ ಯಾಕೆ ಗಡಿಯಾಯಿತು ಎಂದು ಯೋಚಿಸುತ್ತ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ. ಇದು ನನ್ನ ಊಹೆ, ಕಲ್ಲು ಹೇಳಿದ್ದಲ್ಲ.

ಅಣಜಿಯ ಶಿವನಂದವರ್ಮನೂ ಪುರಾಣವನ್ನು ಬಿಟ್ಟವನಲ್ಲ. ಅವನ ಶಾಸನ ಅವನನ್ನು ಸೋಮವಂಶದವನೆಂದೂ, ಇಕ್ಷ್ವಾಕುಗಳೊಡನೆ ಹೆಣ್ಣು ಕೊಟ್ಟು ತಂದ ಕೇಕಯರ ಕುಲದವನೆಂದೂ ಹೇಳುತ್ತದೆ. ಕೇಕಯರ ಮಗಳು ಕೈಕೇಯಿ ಇಕ್ಷ್ವಾಕು ದಶರಥನ ಮಡದಿ. ನಮ್ಮ ತಾಲ್ಲೂಕಿನ ಒಬ್ಬ ಚಿಕ್ಕ ಅರಸ ರಾಮಾಯಣದ ಬೀಗರಾಗಿ ತನ್ನ ಮನೆತನವನ್ನು ನೆನೆದುಕೊಂಡಿದ್ದ. ಆ ಕುಲ ಬರೀ ಬಾಯಿಮಾತಿನದೂ ಅಲ್ಲ. ಕದಂಬ ಮೃಗೇಶವರ್ಮನ ರಾಣಿ ಪ್ರಭಾವತಿ ಕೈಕೇಯ ಕುಲದವಳೆಂದು ತಾಳಗುಂದದ ಶಾಸನವೊಂದು ಹೇಳುತ್ತದೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರೇ ಬೆಳಕಿಗೆ ತಂದ ಹಲ್ಮಿಡಿಯ ಕನ್ನಡ ಶಾಸನದಲ್ಲೂ ಕೇಕಯ, ಪಲ್ಲವ ಎಂಬ ಎರಡು ಹೆಸರು ಅಕ್ಕಪಕ್ಕದಲ್ಲಿ ಬರುತ್ತವೆ, ಅಲ್ಲಿ ಸೋತವರಾಗಿ. ಅಣಜಿಯಲ್ಲಿ ಪಲ್ಲವ ಗೆಲ್ಲುತ್ತಾನೆ, ಕೇಕಯ ಅಳಿಯುತ್ತಾನೆ; ಹಲ್ಮಿಡಿಯಲ್ಲಿ ಇಬ್ಬರೂ ಒಂದೇ ಕಡೆ. ನಡುವೆ ಎಷ್ಟು ವರ್ಷ, ಎಷ್ಟು ಸಂಧಿ, ಎಷ್ಟು ಮುನಿಸು ಆಗಿಹೋದವೋ, ಅವನ್ನು ಹೇಳುವ ಕಲ್ಲು ಯಾವ ಗದ್ದೆಯ ಬದುವಿನಲ್ಲಿದೆಯೋ.

ಪಲ್ಲವರ ತಾಮ್ರಪಟಗಳಲ್ಲಿ ವಂಶಾವಳಿಗಳು ತಲೆಮಾರುಗಟ್ಟಲೆ ಇವೆ: ಸಿಂಹವರ್ಮ, ಸ್ಕಂದವರ್ಮ, ವಿಷ್ಣುಗೋಪ. ನಣಕ್ಕಾಸ ಎಂಬ ಹೆಸರು ಅವುಗಳಲ್ಲಿ ಸಿಗುವುದಿಲ್ಲ. ಕೃಷ್ಣವರ್ಮನ ಸೈನ್ಯವನ್ನು ಮುರಿದ ಆ ಅರಸನನ್ನು ನಾವು ಬಲ್ಲುದು ಅವನಿಂದ ನಾಡು ಕಳೆದುಕೊಂಡವನ ಕಲ್ಲಿನಿಂದ ಮಾತ್ರ.